ಎಂಜಿನಿಯರುಗಳಿಗೆ ಮೈ ಕಲಿಸಿದ ಮಂದಾಕಿನಿಬಾಯಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮಂದಾಕಿನಿಬಾಯಿಯವರ ಮೊದಲ ತಾಸಿಗೆ ನಾನು ಹೋದದ್ದು ನಿದ್ದೆ ಮಾಡಲಿಕ್ಕೆ. ಮೈಂದರ್ಗಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಅಕ್ಕಲಕೋಟೆಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಿಂತುಕೊಂಡೇ ಸೊಲ್ಲಾಪುರ ಸೇರುತ್ತಿದ್ದವನು ನಾನು. ಹಿಂದಿನ ಬೆಂಚು, ಫ್ಯಾನಿನ ಗಾಳಿ, ಉರು ಹೊಡೆಯುವ ವಿಷಯ, ಈ ಮೂರೂ ಕೂಡಿ ಬಂದರೆ ನಿದ್ದೆಗೆ ಇನ್ನೇನು ಬೇಕು? ಅದು 1995ರ ಜುಲೈ ತಿಂಗಳು. ಸೊಲ್ಲಾಪುರದ ಊರ ಹೊರಗಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಎರಡನೇ ವರ್ಷಕ್ಕೆ ಕಾಲಿಟ್ಟಿದ್ದೆ.

ನಮ್ಮದು ಬಯೋಮೆಡಿಕಲ್ ಶಾಖೆ. ಆಸ್ಪತ್ರೆಯ ಯಂತ್ರಗಳನ್ನು ಕಟ್ಟುವ, ಕೆಟ್ಟರೆ ರಿಪೇರಿ ಮಾಡುವ ವಿದ್ಯೆ. ಯಂತ್ರಗಳನ್ನು ಹಚ್ಚುವುದು ಮನುಷ್ಯನ ಮೈಗೆ ತಾನೇ? ಹಾಗಾಗಿ ಎರಡನೇ ವರ್ಷಕ್ಕೆ ಶರೀರಕ್ರಿಯಾಶಾಸ್ತ್ರವೆಂಬ ವಿಷಯ ಇಟ್ಟಿದ್ದರು. ಹೃದಯ ಹೇಗೆ ಬಡಿಯುತ್ತದೆ, ಉಸಿರು ಹೇಗೆ ಆಡುತ್ತದೆ, ನರ ಹೇಗೆ ಸುದ್ದಿ ಒಯ್ಯುತ್ತದೆ ಎಂಬುದೆಲ್ಲ ಅದರಲ್ಲಿ. ನಾವು ಇಪ್ಪತ್ತೆರಡು ಮಂದಿ ಅದನ್ನು ಮೂಗು ಹಿಡಿದು ಕುಡಿಯಬೇಕಾದ ಕಷಾಯ ಎಂದೇ ತಿಳಿದಿದ್ದೆವು. ಸರ್ಕಿಟ್ಟಿಗೆ ಬೆಸುಗೆ ಹಾಕುವವನು ಎಂಜಿನಿಯರು, ಎಲುಬಿನ ಹೆಸರು ಬಾಯಿಪಾಠ ಮಾಡುವವನು ಕಾರಕೂನ ಎಂಬ ಸೊಕ್ಕು ಬೇರೆ. ಶಾಖೆ ಶುರುವಾದಾಗ ಒಬ್ಬ ಡಾಕ್ಟರು ಬಂದು ನಾಲ್ಕು ತಾಸಿನಲ್ಲಿ ಎರಡುನೂರಾ ಆರು ಎಲುಬುಗಳ ಹೆಸರು ಬರೆಸಿ, ಐದನೆಯ ತಾಸಿಗೆ ಬರಲೇ ಇಲ್ಲವಂತೆ. ಅವರ ಬಳಿಕ ಬಂದವರು ಈ ಬಾಯಾರು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಬಾಯಾರು ಅನ್ನುವುದೇ ರೂಢಿ. ಅವರ ತಾಸಿನಲ್ಲಿ ನಿದ್ದೆ ಬರುವುದಿಲ್ಲ ಎಂದು ಸೀನಿಯರುಗಳು ಹೇಳಿದ್ದರು. ಸೀನಿಯರುಗಳ ಮಾತನ್ನು ಯಾರು ನಂಬುತ್ತಾರೆ?

ಬಂದವರು ಮೂವತ್ತೈದರ ಆಸುಪಾಸಿನ ಹೆಂಗಸು. ಇಸ್ತ್ರಿ ಮಾಡಿದ ಹತ್ತಿಯ ಸೀರೆ, ಒಂದು ಕೈಯಲ್ಲಿ ನೀರು ತುಂಬಿದ ತಂಬಿಗೆ, ಇನ್ನೊಂದರಲ್ಲಿ ಹಿಡಿಕೆಗೆ ಕೆಂಪು ದಾರ ಕಟ್ಟಿದ ಸ್ಟೀಲಿನ ಡಬ್ಬಿ. ಹಾಜರಿ ಕೂಗಲಿಲ್ಲ. ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಆಡಿನ ಹೃದಯವಿತ್ತು.

ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಮಂದಿ ತತ್ತಿಯನ್ನೂ ಮುಟ್ಟದ ಮನೆಯವರು. ನವಿ ಪೇಠದ ಬಟ್ಟೆ ವ್ಯಾಪಾರಿಯ ಮಗ ಮಯೂರ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲ ಕಡೆಗೆ ಸರಿದ.

"ಎಲ್ಲಿ ಹೊಂಟೀಯೋ? ಇಂಥಾದ್ದ ಒಂದು ನಿನ್ನ ಎದಿಯೊಳಗೂ ಅದ. ಅದನ್ನೂ ಇಲ್ಲೇ ಬಿಟ್ಟ ಹೋಗ್ತೀಯೇನು?" ಅಂದರು ಬಾಯಾರು. ಮಯೂರ ಬಾಗಿಲಲ್ಲೇ ನಿಂತ.

ಅವರು ಹೃದಯವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಮೇಲಿನ ದಪ್ಪ ಕೊಳವೆಯ ಬಾಯಿ ತೋರಿಸಿದರು. "ಇದು ರಕ್ತ ಹೊರಗ ಹೋಗೋ ದಾರಿ. ನಾ ಈಗ ಹೊರಗಿಂದ ಒಳಗ ನೀರ ಹಾಕ್ತೀನಿ. ಏನಾಗ್ತದ ಹೇಳ್ರಿ."

"ಒಳಗ ಇಳದು ಕೆಳಗ ಸೋರ್ತದ್ರಿ," ಅಂದೆ ನಾನು, ಅರ್ಧ ನಿದ್ದೆಯಲ್ಲಿ.

ತಂಬಿಗೆ ಬಗ್ಗಿಸಿದರು. ನೀರು ಇಳಿಯಲಿಲ್ಲ. ಕೊಳವೆಯ ಬಾಯಿತನಕ ತುಂಬಿ, ಅಲುಗಾಡದೆ ನಿಂತಿತು. ನಾವೆಲ್ಲ ಎದ್ದು ಮೇಜಿನ ಸುತ್ತ ಮುಗಿಬಿದ್ದೆವು. ನೀರಿನ ತಳದಲ್ಲಿ ಮೂರು ಚಿಕ್ಕ ಜೇಬುಗಳು ಉಬ್ಬಿ, ಒಂದಕ್ಕೊಂದು ಅಂಟಿಕೊಂಡು ದಾರಿ ಮುಚ್ಚಿದ್ದವು. ಅವುಗಳ ಪರದೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಮಯೂರ ಯಾವಾಗ ಬಂದನೋ, ಕರವಸ್ತ್ರ ಎಲ್ಲಿ ಹೋಯಿತೋ, ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ.

"ಬಾಯಾರ, ಇದು ಡಯೋಡ್ ಅದರೀ," ಅಂದ. "ಒಂದ ಕಡಿಗೆ ಬಿಡ್ತದ, ವಾಪಸ್ ಬಿಡೂದಿಲ್ಲ."

"ಡಯೋಡ್ ಅಂದ್ರ ಏನಪಾ?"

ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಎಂಜಿನಿಯರಿಂಗ್ ಕಾಲೇಜಿನ ಟೀಚರಿಗೆ ಡಯೋಡ್ ಗೊತ್ತಿಲ್ಲ! ಅವರು ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ನೀರು ಹಿಡಿದ ಹೃದಯವನ್ನು ಹಾಗೇ ಹಿಡಿದುಕೊಂಡು, ಬಲಗೈಯಿಂದ ಮಯೂರನಿಗೆ ಖಡು, ಅಂದರೆ ಸೀಮೆಸುಣ್ಣ, ಕೊಟ್ಟರು. "ಬಾ, ಬೋರ್ಡ್ ಮ್ಯಾಲ ತೋರಿಸು. ಇದನ್ನ ನಾ ನಿಮಗ ಕಲಸ್ತೀನಿ, ಅದನ್ನ ನೀವ ನನಗ ಕಲಸ್ರಿ. ವರ್ಷದ ಕಡೀಕ ಯಾರ ಹೆಚ್ಚ ಕಲತೀವಿ ನೋಡೂಣು."

ಅವತ್ತು ನಾನು ನಿದ್ದೆ ಮಾಡಲಿಲ್ಲ. ಆ ವರ್ಷ ಅವರ ಒಂದು ತಾಸಿನಲ್ಲೂ ಮಾಡಲಿಲ್ಲ.

ಬಾಯಾರು ಅಕ್ಕಲಕೋಟೆಯವರು. ತಂದೆ ತಹಸೀಲಿಯಲ್ಲಿ ಕಾರಕೂನ, ಗಂಡ ಪಂಢರಿನಾಥ ನಗರಪಾಲಿಕೆಯಲ್ಲಿ ಕಾರಕೂನ. ಡಾಕ್ಟರ್ ಆಗುತ್ತೇನೆಂದು ಹಟ ಹಿಡಿದಿದ್ದ ಹುಡುಗಿಗೆ ಹನ್ನೆರಡನೆಯ ಪರೀಕ್ಷೆಯಲ್ಲಿ ಕೆಲವೇ ಅಂಕಗಳಲ್ಲಿ ಸೀಟು ಕೈತಪ್ಪಿತು. ಪ್ರಾಣಿಶಾಸ್ತ್ರದಲ್ಲಿ ಎಮ್ಮೆಸ್ಸಿ ಮಾಡಿ ಊರಿನ ಹುಡುಗಿಯರ ಶಾಲೆಯಲ್ಲಿ ಹತ್ತು ವರ್ಷ ಕಪ್ಪೆಯ ಚಿತ್ರ ಬರೆದರು. 1993ರಲ್ಲಿ ನಮ್ಮ ಕಾಲೇಜಿನವರು ಪೇಪರಿನಲ್ಲಿ ಜಾಹೀರಾತು ಕೊಟ್ಟರು. ತಾಸಿಕಾ ತತ್ತ್ವದ ಮೇಲೆ ಶಿಕ್ಷಕರು ಬೇಕು ಎಂದು. ಮಹಾರಾಷ್ಟ್ರದಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಷ್ಟು ತಾಸು ಕಲಿಸಿದೆಯೋ ಅಷ್ಟೇ ನಿನ್ನ ನೌಕರಿ. ಏಪ್ರಿಲಿನಲ್ಲಿ ಮುಗಿಯುತ್ತದೆ, ಜೂನಿನಲ್ಲಿ ಮತ್ತೆ ಕರೆದರೆ ಉಂಟು, ಇಲ್ಲವಾದರೆ ಇಲ್ಲ.

ಅದಕ್ಕಾಗಿ ಶಾಲೆಯ ಕಾಯಂ ನೌಕರಿ ಬಿಡುತ್ತೇನೆಂದಾಗ ಅಕ್ಕಲಕೋಟೆಯ ಅವರ ಓಣಿಯೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಅತ್ತೆ ಸಾವಿತ್ರಿಬಾಯಿ ಒಂದೇ ಮಾತು ಕೇಳಿದ್ದರಂತೆ: "ಅಲ್ಲಿ ಅಂಥಾದ್ದೇನದ?"

"ಮನಷ್ಯಾರ ಮೈ ಕಲಸೋದದ್ರೀ ಅತ್ತಿ."

"ಹಂಗಾರ ಹೋಗು," ಅಂದರಂತೆ ಮುದುಕಿ. ಕೆಂಪು ದಾರದ ಡಬ್ಬಿಯ ಸಂಗತಿಯೂ ಆಕೆಗೆ ಗೊತ್ತಿತ್ತು. ಆ ಡಬ್ಬಿ ಮನೆಯ ಹೊಸ್ತಿಲು ದಾಟುವುದಿಲ್ಲ, ಕಾಲೇಜಿನ ಲ್ಯಾಬಿನಲ್ಲೇ ಇರುತ್ತದೆ ಎಂಬ ಕರಾರು ಅತ್ತೆ ಸೊಸೆಯರ ನಡುವೆ ಮಾತಿಲ್ಲದೆ ಆಗಿಹೋಗಿತ್ತು.

ಲ್ಯಾಬಿನಲ್ಲಿ ಆ ಡಬ್ಬಿಯನ್ನು ಕಾಯುತ್ತಿದ್ದವರು ಶಂಕರೆಪ್ಪ ಕಾಕಾ. ಐವತ್ತೈದು ದಾಟಿದ ಲ್ಯಾಬ್ ಅಟೆಂಡರು, ಧೋತರ, ಬಿಳಿ ಟೊಪ್ಪಿಗೆ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಹುಟ್ಟಿದ ಕೆಲವೇ ದಿನಕ್ಕೆ ಅಯ್ಯನವರು ಕಟ್ಟಿದ್ದು, ಸ್ನಾನಕ್ಕೂ ಮೈಮೇಲಿಂದ ಇಳಿದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಡಬ್ಬಿಯನ್ನು ಅವರು ಕೈಯಿಂದ ಮುಟ್ಟುತ್ತಿರಲಿಲ್ಲ. ಬೇಕಾದಾಗ ಬೆತ್ತದಿಂದ ತೋರಿಸಿ "ಅಲ್ಲದ ನೋಡ್ರಿ ನಿಮ್ಮ ಭಾನಗಡಿ", ಅಂದರೆ ನಿಮ್ಮ ರಗಳೆ, ಎನ್ನುತ್ತಿದ್ದರು. ಹಾಗಿದ್ದರೂ ಬಾಯಾರ ಲ್ಯಾಬಿನ ಕಿಟಕಿಗೆ ಒಂದು ಧೂಳಿನ ಕಣ ಇರಲು ಬಿಟ್ಟವರಲ್ಲ.

ಬಾಯಾರ ತಾಸುಗಳ ಗಮ್ಮತ್ತನ್ನು ಹೇಗೆ ಹೇಳಲಿ? ಒಂದು ದಿನ ಮಯೂರ ಕೇಳಿದ, "ಬಾಯಾರ, ಹೃದಯ ಎಷ್ಟು ವ್ಯಾಟಿನ ಪಂಪ್ ಅದರಿ?" ಬೇರೆ ಯಾರೇ ಆಗಿದ್ದರೂ ಪುಸ್ತಕದಲ್ಲಿಲ್ಲದ್ದು ಕೇಳಬೇಡ ಎನ್ನುತ್ತಿದ್ದರು. ಇವರ ಕಣ್ಣು ಅರಳಿದವು. "ನನಗ ಗೊತ್ತಿಲ್ಲೋ. ಒಂದ ನಿಮಿಷಕ್ಕ ಐದು ಲೀಟರ್ ರಕ್ತ ದಬ್ಬತದ, ಒತ್ತಡ ಸುಮಾರು ನೂರು ಮಿಲಿಮೀಟರ್ ಪಾದರಸ. ಇಷ್ಟ ನಾ ಕೊಡ್ತೀನಿ. ಮುಂದಿಂದು ನೀವ ಕೊಡ್ರಿ." ಬೋರ್ಡಿನ ಮುಂದೆ ನೂಕುನುಗ್ಗಲು. ಒಬ್ಬ ಲೀಟರನ್ನು ಘನ ಮೀಟರಿಗೆ ತಂದ, ಇನ್ನೊಬ್ಬ ಪಾದರಸವನ್ನು ಪ್ಯಾಸ್ಕಲಿಗೆ ತಂದ, ನಾನು ಗುಣಿಸುವುದರಲ್ಲಿ ಸೊನ್ನೆ ತಪ್ಪಿಸಿ ಬೈಸಿಕೊಂಡೆ. ಕೊನೆಗೆ ಉತ್ತರ ಬಂತು. ಒಂದು ವ್ಯಾಟಿಗಿಂತ ಚೂರು ಹೆಚ್ಚು. ಕೈಬ್ಯಾಟರಿಯ ಬಲ್ಬು ತಿನ್ನುವಷ್ಟು. ಅಷ್ಟರಲ್ಲೇ ನಮ್ಮ ಅಜ್ಜ ಎಂಬತ್ತು ವರ್ಷ ಹೊಲ ಸುತ್ತಿದ್ದ! ನನಗೆ ಮೈ ಜುಮ್ಮೆಂದಿತು. ಬಾಯಾರಿಗೂ ಹಾಗೇ ಆಗಿರಬೇಕು, ಕೈಯಲ್ಲಿದ್ದ ಖಡು ಎರಡು ತುಂಡಾದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಅವರು ನಮ್ಮ ಎಲೆಕ್ಟ್ರಾನಿಕ್ಸ್ ತಾಸಿಗೂ ಬಂದು ಹಿಂದಿನ ಬೆಂಚಿನಲ್ಲಿ, ನನ್ನ ಹಳೆಯ ನಿದ್ದೆಯ ಜಾಗದಲ್ಲಿ, ನೋಟುಬುಕ್ಕು ಹಿಡಿದು ಕೂಡುತ್ತಿದ್ದರು. ಎಲೆಕ್ಟ್ರಾನಿಕ್ಸ್ ಸರ್‌ಗೆ ಇದು ಮುಜುಗರ. ಅವರಿಗೆ ಪ್ರಶ್ನೆ ಕೇಳುವವರು ಬೇಕಿರಲಿಲ್ಲ, ಬಾಯಾರಿಗೆ ಪ್ರಶ್ನೆ ಮುಗಿಯುತ್ತಿರಲಿಲ್ಲ.

ಸಂಜೆ ಅಕ್ಕಲಕೋಟೆಯ ಬಸ್ಸಿನಲ್ಲಿ ಬಾಯಾರೂ ನಾನೂ ಜೊತೆ. ಅಲ್ಲೂ ಬಿಡುವಿಲ್ಲ. "ರಾಚಪ್ಪ, ಆ ಮುಂದಿನ ಸೀಟಿನ ಅಜ್ಜ ಮಲಗ್ಯಾನ, ಅವನ ಉಸರ ಎಣಸು. ಈಗ ಓಡಿ ಬಂದ ಬಸ್ ಹಿಡದಾಕಿಂದೂ ಎಣಸು." ಗುರುವಾರ ಅಕ್ಕಲಕೋಟೆಯ ಗುಡಿಗೆ, ಸ್ವಾಮಿಯ ದರ್ಶನಕ್ಕೆ ಹೋಗುವವರಿಂದ ಬಸ್ಸು ಗಿಜಿಗುಡುತ್ತಿತ್ತು. ಅವತ್ತಂತೂ ಎಣಿಸಲು ಉಸಿರಿಗೆ ಬರವಿಲ್ಲ. ಒಮ್ಮೆ ಒಬ್ಬ ಹೆಂಗಸು "ಯಾಕೋ ತಮ್ಮಾ, ಹಿಂಗ್ಯಾಕ ನೋಡಾಕತ್ತಿ?" ಎಂದು ಚಪ್ಪಲಿಗೆ ಕೈ ಹಾಕಿದಾಗ ಬಾಯಾರೇ ಎದ್ದು ಬಂದು ಬಿಡಿಸಿದರು, ಆಮೇಲೆ ಆಕೆಯ ನಾಡಿಯನ್ನೂ ಎಣಿಸಿ ಬರೆದುಕೊಂಡರು. ನನ್ನ ಪಾಠದ ಅರ್ಧ ಭಾಗ ದಾರಿಯ ಹಳ್ಳಿಗಳಾದ ಕುಂಭಾರಿಗೂ ವಳಸಂಗಕ್ಕೂ ನಡುವೆಯೇ ಆಯಿತೆಂದರೆ ಸುಳ್ಳಲ್ಲ.

ಇನ್ನು ನಮ್ಮ ಇಸಿಜಿ ಯಂತ್ರ. ಯಾವುದೋ ಆಸ್ಪತ್ರೆ ಹಳೆಯದಾಯಿತೆಂದು ದಾನ ಕೊಟ್ಟದ್ದು. ಎರಡು ಮುಂಗೈಗೆ, ಎರಡು ಕಾಲಿಗೆ ಲೋಹದ ಪಟ್ಟಿಗಳನ್ನು ರಬ್ಬರಿನಿಂದ ಕಟ್ಟಬೇಕು. ಹೃದಯ ಬಡಿದಾಗ ಹುಟ್ಟುವ ಕೂದಲೆಳೆಯಷ್ಟು ಕರೆಂಟನ್ನು ಅದು ಹಿಡಿದು, ಓಡುವ ಕಾಗದದ ಮೇಲೆ ಬಿಸಿ ಸೂಜಿಯಿಂದ ಗೆರೆ ಎಳೆಯುತ್ತದೆ. ಗೆರೆ ಚೊಕ್ಕ ಬಂದರೆ ಒಂದು ಸಣ್ಣ ದಿಬ್ಬ, ಒಂದು ಎತ್ತರದ ಮುಳ್ಳು, ಮತ್ತೊಂದು ದುಂಡನೆಯ ದಿಬ್ಬ. ಚೊಕ್ಕ ಬರುವುದೇ ಅಪರೂಪ. ಗೋಡೆಯೊಳಗಿನ ಲೈಟಿನ ಕರೆಂಟು ಮೈಮೇಲೆ ಹರಿದು ಗೆರೆಯನ್ನು ಗರಗಸ ಮಾಡುತ್ತದೆ. ಇದಕ್ಕೆ ನಾವು ಹಮ್ ಎನ್ನುತ್ತಿದ್ದೆವು. ಹಮ್ ಓಡಿಸುವುದೇ ನಮ್ಮ ಶೌರ್ಯ. ಗೆರೆ ಕೆಟ್ಟಿತೆಂದರೆ ಸಾಕು, ಎಲ್ಲರೂ ಅರ್ಥಿಂಗ್ ವಾಯರಿನ ಕಡೆಗೆ ದೌಡು. ಮನುಷ್ಯ ಕುರ್ಚಿಯಲ್ಲಿ ಕೂತಿದ್ದಾನೆ ಎಂಬುದೇ ಮರೆತುಹೋಗುತ್ತಿತ್ತು.

ಜನವರಿಯ ಒಂದು ಬೆಳಗ್ಗೆ ಮಯೂರ ಕುರ್ಚಿಯಲ್ಲಿದ್ದ. ಗೆರೆ ಹಾಳು. ಅರ್ಥಿಂಗ್ ಬದಲಿಸಿದೆವು, ಪ್ಲಗ್ಗು ಬದಲಿಸಿದೆವು, ಟ್ಯೂಬ್‌ಲೈಟು ಆರಿಸಿದೆವು. ಬಾಯಾರು ಮಾತ್ರ ಕಾಗದ ಹಿಡಿದು ಕಿಟಕಿಯ ಬೆಳಕಿಗೆ ನೋಡುತ್ತ ನಿಂತಿದ್ದರು.

"ರಾಚಪ್ಪ, ನಿಮ್ಮ ಲೈಟಿನ ಕರೆಂಟು ಒಂದ ಸೆಕೆಂಡಿಗೆ ಐವತ್ತ ಸಲ ಬರೋಬರ ಕುಣೀತದ, ಹೌದಲ್ಲೋ? ಅಂದ್ರ ಹಲ್ಲು ಎಲ್ಲಾ ಒಂದ ನಮೂನಿ ಇರಬೇಕು. ಇವು ನೋಡು, ಒಂದು ದೊಡ್ಡದು, ಒಂದು ಸಣ್ಣದು, ಒಂದ ಕಡೆ ದಟ್ಟ, ಒಂದ ಕಡೆ ಇಲ್ಲೇ ಇಲ್ಲ. ಇದು ನಿಮ್ಮ ಕರೆಂಟ್ ಅಲ್ಲ." ಹಾಗಂದು ಕಪಾಟಿನಿಂದ ಒಂದು ಸೊಲ್ಲಾಪುರ ಚಾದರ ತೆಗೆದು ಮಯೂರನಿಗೆ ಹೊದಿಸಿದರು. ಅವನು ಚಳಿಗೆ ಸಣ್ಣಗೆ ನಡುಗುತ್ತಿದ್ದ, ನಾವು ಯಾರೂ ನೋಡಿರಲಿಲ್ಲ. ಸ್ನಾಯು ನಡುಗಿದರೂ ಕರೆಂಟು ಹುಟ್ಟುತ್ತದೆ, ಯಂತ್ರ ಅದನ್ನೂ ಬರೆಯುತ್ತದೆ. ಐದು ನಿಮಿಷಕ್ಕೆ ಗೆರೆ ತಿಳಿಯಾಯಿತು. ನಮ್ಮ ಮೂಗಿನ ಕೆಳಗೇ ಇದ್ದ ಸಂಗತಿಗೆ ನಾವು ಗೋಡೆ ಅಗೆಯಲು ಹೊರಟಿದ್ದೆವಲ್ಲ ಎಂದು ನನಗೆ ನಾಚಿಕೆಯೂ ಆಯಿತು, ಕುಣಿಯಬೇಕು ಅನ್ನಿಸುವಷ್ಟು ಖುಷಿಯೂ ಆಯಿತು.

ಫೆಬ್ರವರಿಯಲ್ಲಿ ಒಂದು ಸಂಜೆ ಬಸ್ಸಿನಲ್ಲಿ ಬಾಯಾರು ಯಾರ ಉಸಿರನ್ನೂ ಎಣಿಸಲಿಲ್ಲ. ವಳಸಂಗ ದಾಟುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದರು. ಆಮೇಲೆ ಹೇಳಿದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಡಿನ ಹೃದಯ, ಚಾದರ, ನಾಡಿ ಎಣಿಸುವುದು ಪ್ರಾಚಾರ್ಯರಿಗೆ ಹಿಡಿಸಿರಲಿಲ್ಲ. ಬರುವ ವರ್ಷದಿಂದ ಪ್ರಾಕ್ಟಿಕಲ್ ತೆಗೆದುಬಿಡುವುದು, ಯಾರಾದರೂ ಡಾಕ್ಟರು ತಿಂಗಳಿಗೆ ಎರಡು ಸಲ ಬಂದು ನೋಟ್ಸ್ ಕೊಡುವುದು ಎಂದು ಅವರ ವಿಚಾರ. ಏಪ್ರಿಲಿನ ಪ್ರಾಕ್ಟಿಕಲ್ ಪರೀಕ್ಷೆಗೆ ಬರುವ ಹೊರಗಿನ ಪರೀಕ್ಷಕರು ಲ್ಯಾಬ್ ಚೆನ್ನಾಗಿದೆ ಎಂದು ಬರೆದುಕೊಟ್ಟರೆ ಮಾತ್ರ ವಿಷಯ ಬಾಯಾರ ಹತ್ತಿರ ಉಳಿಯುತ್ತದೆ.

"ಸಾಲಿ ನೌಕರಿ ಬಿಟ್ಟದ್ದಕ್ಕ ನನಗೇನ ಬ್ಯಾಸರಿಲ್ಲೋ. ಮೂರು ವರ್ಷ ಹ್ಯಾಂಗ ಹೋದುವು ಗೊತ್ತಾಗಲಿಲ್ಲ. ಇನ್ನ ಇದನ್ನ ಬಿಟ್ಟು ನಾ ಏನ ಮಾಡಲಿ?" ಅಂದರು. ಅವರ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಯಾರಿಗೂ ಹೇಳಬೇಡ ಅಂದಿದ್ದರು. ಮರುದಿನ ಮಧ್ಯಾಹ್ನದೊಳಗೆ ಇಪ್ಪತ್ತೊಂದು ಮಂದಿಗೂ ಗೊತ್ತಾಗಿತ್ತು, ನನ್ನಿಂದಲೇ.

ಏಪ್ರಿಲ್ ಬಂತು. ಪರೀಕ್ಷಕರು ವಿಶ್ವವಿದ್ಯಾಲಯ ಕಳಿಸಿದ ಎಲೆಕ್ಟ್ರಾನಿಕ್ಸ್ ಪ್ರಾಧ್ಯಾಪಕರು, ಯಂತ್ರದ ವಿಷಯದಲ್ಲಿ ಹುಲಿ. ಮಾತೆಲ್ಲ ಮರಾಠಿಯಲ್ಲಿ. ಒಬ್ಬರ ಇಸಿಜಿ ಇನ್ನೊಬ್ಬರು ತೆಗೆದರೆ ವಿದ್ಯಾರ್ಥಿಗಳು ಕಿವಿಯಲ್ಲಿ ಉತ್ತರ ಊದುತ್ತಾರೆ, ಹೊರಗಿನವರನ್ನು ಕೂಡಿಸಿ ಎಂದು ಆಜ್ಞೆಯಾಯಿತು. ಬಾಯಾರು ಕಾಯಂ ಅಲ್ಲದ್ದರಿಂದ ಪರೀಕ್ಷಕರ ಸಾಲಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಬಾಯಿ ತೆರೆಯಬಾರದೆಂಬ ಕರಾರಿನ ಮೇಲೆ ಬಾಗಿಲಲ್ಲಿ ನಿಂತಿದ್ದರು. ಪ್ರಾಚಾರ್ಯರು ಒಳಗೆ ಕೈಕಟ್ಟಿಕೊಂಡು ನಿಂತಿದ್ದರು. ಇಸಿಜಿಯ ಚೀಟಿ ಎತ್ತಿದವನು ನಾನು. ನೀರು ಕೊಡಲು ಬಂದಿದ್ದ ಶಂಕರೆಪ್ಪ ಕಾಕಾನನ್ನು ಪರೀಕ್ಷಕರು ನೋಡಿ, "ಇವರೇ ಕೂಡಲಿ" ಅಂದರು.

ಕಾಕಾ ಆ ಕುರ್ಚಿಯಲ್ಲಿ ಯಾವತ್ತೂ ಕೂತವರಲ್ಲ. ಕೂತರು. ಸೆಕೆಗೆ ಅಂಗಿಯ ಗುಂಡಿ ಬಿಚ್ಚಿದಾಗ ಕರಡಿಗೆ ಕಂಡಿತು.

"ಅದು ಲೋಹ. ತೆಗೆಸು," ಅಂದರು ಪರೀಕ್ಷಕರು. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಗಡಿಯಾರ, ಉಂಗುರ ತೆಗೆಸು ಅನ್ನುವ ಹಾಗೆಯೇ ಹೇಳಿದರು. ಪುಸ್ತಕದಲ್ಲೂ ಹಾಗೇ ಇತ್ತು.

ಕಾಕಾ ಒಮ್ಮೆ ಬಾಗಿಲಲ್ಲಿದ್ದ ಬಾಯಾರ ಮುಖ ನೋಡಿದರು. ಅವರು ಬೇಡವೆಂದು ತಲೆಯಾಡಿಸುವಷ್ಟರಲ್ಲಿ, ಕಾಕಾ ಟೊಪ್ಪಿಗೆ ತೆಗೆದು ಮೇಜಿನ ಮೇಲೆ ಹಾಸಿ, ಶಿವದಾರ ಬಿಚ್ಚಿ, ಲಿಂಗವನ್ನು ಅದರ ಮೇಲಿಟ್ಟರು.

ಪಟ್ಟಿ ಕಟ್ಟಿದೆ, ಯಂತ್ರ ಹಚ್ಚಿದೆ. ಗೆರೆ ಎಂಬುದು ಗೆರೆಯೇ ಅಲ್ಲ, ಮುಳ್ಳಿನ ಪೊದೆ. ನಾನೂ ನಮ್ಮ ಪಂಗಡದವನೇ ತಾನೇ, ಸೀದಾ ಅರ್ಥಿಂಗ್ ವಾಯರಿಗೆ ಕೈ ಹಾಕಿದೆ. ಬಿಚ್ಚಿ ಕಟ್ಟಿದೆ. ಮತ್ತೆ ಪೊದೆ. ಪರೀಕ್ಷಕರೇ ಎದ್ದು ಬಂದು ಪ್ಲಗ್ಗು ನೋಡಿದರು, ವಾಯರು ತಿರುವಿದರು. ಪಟ್ಟಿಗಳಿಗೆ ಇನ್ನಷ್ಟು ಉಪ್ಪುನೀರು ಹಚ್ಚಿಸಿದರು. ಹತ್ತು ನಿಮಿಷ ಹೋಯಿತು. "ಈ ಯಂತ್ರ ಇಟ್ಟುಕೊಂಡು ಪ್ರಾಕ್ಟಿಕಲ್ ಹೇಗೆ ಮಾಡಿಸುತ್ತೀರಿ?" ಎಂದು ಪ್ರಾಚಾರ್ಯರ ಕಡೆ ತಿರುಗಿದರು. ಪ್ರಾಚಾರ್ಯರು ನಾನು ಮೊದಲೇ ಹೇಳಿದ್ದೆನಲ್ಲ ಎಂಬಂತೆ ನಕ್ಕರು. ಆ ನಗೆ ನೋಡಿ ನನ್ನ ಪಿತ್ತ ನೆತ್ತಿಗೇರಿತು. ಬಾಯಾರು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಮುಗಿಯಿತು, ನನ್ನ ಕೈಯಿಂದಲೇ ಇವರ ವಿಷಯ ಮುಗಿಯಿತು ಅನ್ನಿಸಿತು.

ಸಿಟ್ಟಿನಲ್ಲಿ ಕಾಗದ ಹರಿದು ಕಣ್ಣೆದುರು ಹಿಡಿದೆ. ಒಂದು ಹಲ್ಲು ದೊಡ್ಡದು, ಒಂದು ಸಣ್ಣದು. ಒಂದು ಕಡೆ ದಟ್ಟ, ಒಂದು ಕಡೆ ವಿರಳ. ಐವತ್ತು ಸಲ ಕುಣಿಯುವ ಕರೆಂಟು ಇದಲ್ಲ. ಆದರೆ ಏಪ್ರಿಲಿನ ಬಿಸಿಲು, ಬೆವರು ಸುರಿಯುತ್ತಿದೆ, ಚಳಿ ಎಲ್ಲಿಂದ ಬರಬೇಕು? ಆಗ, ಹನ್ನೊಂದನೆಯ ನಿಮಿಷಕ್ಕೆ, ನಾನು ಕುರ್ಚಿಯಲ್ಲಿ ಕೂತ ಮನುಷ್ಯನನ್ನು ನೋಡಿದೆ. ಕಾಕಾನ ಕಾಲ್ಬೆರಳು ಒಳಗೆ ಮುದುಡಿದ್ದವು. ಕೈಗಳು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದಿದ್ದವು. ಕಣ್ಣು ಮೇಜಿನ ಮೇಲಿನ ಟೊಪ್ಪಿಗೆಯಿಂದ ಕದಲುತ್ತಿರಲಿಲ್ಲ. ಖಾಲಿ ಎದೆಯ ಮೇಲೆ ಐವತ್ತೈದು ವರ್ಷದ ದಾರದ ಗುರುತು ಬೆಳ್ಳಗೆ ಕಾಣುತ್ತಿತ್ತು.

ಯಂತ್ರ ಆರಿಸಿದೆ. "ಸರ್, ಯಂತ್ರದಲ್ಲಿ ದೋಷವಿಲ್ಲ. ಇದು ಇವರ ಸ್ನಾಯುವಿನ ಕರೆಂಟು. ಅದನ್ನು ತೆಗೆಸಿದ್ದಕ್ಕೆ ಮೈ ಬಿಗಿದುಕೊಂಡಿದ್ದಾರೆ. ವಾಪಸ್ ಕಟ್ಟಿಕೊಳ್ಳಲಿ."

"ಲೋಹ?"

"ಎದೆಯ ಮೇಲಿರುತ್ತದೆ ಸರ್. ನನ್ನ ಪಟ್ಟಿ ಇರುವುದು ಮುಂಗೈಗೆ, ಕಾಲಿಗೆ. ಒಂದಕ್ಕೊಂದು ತಾಗುವುದಿಲ್ಲ. ಗೆರೆ ಚೊಕ್ಕ ಬರದಿದ್ದರೆ ನನಗೆ ಸೊನ್ನೆ ಕೊಡಿ."

ಅವರು ಗಡಿಯಾರ ನೋಡಿ, "ಐದು ನಿಮಿಷ" ಅಂದರು. ನಾನು ಮೇಜಿಗೆ ಕೈ ಚಾಚಿ, ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದೆಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡೆ. ಪಟ್ಟಿಗಳನ್ನು ಬಿಚ್ಚಿ, ನಮ್ಮ ಭಾಷೆಯಲ್ಲಿ ಹೇಳಿದೆ, "ಕಾಕಾ, ತಗೋರಿ. ಕಟ್ಟಿಕೋರಿ."

"ಸಾಹೇಬ್ರು ಬ್ಯಾಡ ಅಂದಾರಲ್ಲೋ ತಮ್ಮಾ. ಬಾಯಾರ ಪರೀಕ್ಷಾ ಕೆಡ್ತದ."

ಇದು ಯಾರ ಪರೀಕ್ಷೆ ಎಂಬುದು ಇವರಿಗೂ ಗೊತ್ತಿತ್ತು. ಅದಕ್ಕೇ ಬಿಚ್ಚಿಟ್ಟಿದ್ದರು.

"ಕೆಡೂದಿಲ್ರಿ. ನೀವ ಕಟ್ಟಿಕೊಂಡ್ರನ ಸುದಾರಸ್ತದ."

ಕಾಕಾ ಲಿಂಗವನ್ನು ಎತ್ತಿ ಕಣ್ಣಿಗೊತ್ತಿ, ದಾರ ಕಟ್ಟಿಕೊಂಡು, ಕಣ್ಣು ಮುಚ್ಚಿದರು. ದೊಡ್ಡದೊಂದು ಉಸಿರು ಹೊರಗೆ ಬಂತು. ಭುಜ ಇಳಿಯಿತು. ಕಾಲ್ಬೆರಳು ಒಂದೊಂದಾಗಿ ಬಿಡಿಸಿಕೊಂಡವು. ಪಟ್ಟಿಗಳನ್ನು ಮತ್ತೆ ಕಟ್ಟಿದೆ. ನಾನು ಇನ್ನೂ ಒಂದು ನಿಮಿಷ ಕಾದೆ, ಯಂತ್ರ ಹಚ್ಚಲು ಕೈ ತುರಿಸುತ್ತಿದ್ದರೂ ಕಾದೆ. ಆಮೇಲೆ ಗುಂಡಿ ಒತ್ತಿದೆ.

ಸಣ್ಣ ದಿಬ್ಬ, ಎತ್ತರದ ಮುಳ್ಳು, ದುಂಡನೆಯ ದಿಬ್ಬ. ಮತ್ತೆ ಅದೇ. ಮತ್ತೆ ಅದೇ. ನಮ್ಮ ಆ ಮುದಿ ಯಂತ್ರ ಮೂರು ವರ್ಷದಲ್ಲಿ ಅಷ್ಟು ತಿಳಿಯಾದ ಗೆರೆಯನ್ನು ಬರೆದಿರಲಿಲ್ಲ. ಮಯೂರ ಹಿಂದಿನಿಂದ ನನ್ನ ಅಂಗಿಯನ್ನು ಎಷ್ಟು ಜೋರಾಗಿ ಜಗ್ಗಿದನೆಂದರೆ ಗುಂಡಿ ಕಿತ್ತುಬಂತು.

ಪರೀಕ್ಷಕರು ಎರಡೂ ಕಾಗದಗಳನ್ನು ಪಕ್ಕ ಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ಇದು ಲೈಟಿನ ಕರೆಂಟಲ್ಲವೆಂದು ನಿನಗೆ ಹೇಗೆ ಗೊತ್ತಾಯಿತು? ನನಗೇ ಗೊತ್ತಾಗಲಿಲ್ಲ."

"ಲೈಟಿನ ಕರೆಂಟಿಗೆ ಅಂಜಿಕೆ ಇರುವುದಿಲ್ಲ ಸರ್. ಅದು ಒಂದೇ ಸಮನೆ ಬರುತ್ತದೆ."

"ಯಾರು ಕಲಿಸಿದರು?"

ಇಪ್ಪತ್ತೆರಡು ತಲೆಗಳು ಬಾಗಿಲ ಕಡೆ ತಿರುಗಿದವು. ಪರೀಕ್ಷಕರು ಎದ್ದು ಬಾಗಿಲಿಗೇ ಹೋದರು. ಮಾತಾಡಬಾರದೆಂಬ ಕರಾರು ಅಲ್ಲಿಗೆ ಮುಗಿಯಿತು. ಬಾಯಾರು ಮರಾಠಿಯಲ್ಲಿ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: "ಚಳಿಗೆ ನಡುಗಿದರೆ ಹೀಗಾಗುತ್ತದೆ ಅನ್ನುವಷ್ಟು ನನಗೆ ಗೊತ್ತಿತ್ತು. ಲಿಂಗ ಬಿಚ್ಚಿದರೆ ಹೀಗಾಗುತ್ತದೆ ಅಂತ ಗೊತ್ತಿರಲಿಲ್ಲ. ಅದನ್ನು ಈ ಹುಡುಗ ಈಗ ನನಗೆ ಕಲಿಸಿದ."

ಪರೀಕ್ಷಕರು ತಮ್ಮ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ತರಿಸಿ ಅವರನ್ನು ಕೂಡಿಸಿಕೊಂಡು ಉಳಿದ ಪರೀಕ್ಷೆ ನಡೆಸಿದರು. ಸಂಜೆ ನಾಲ್ಕಕ್ಕೆ ಪ್ರಾಚಾರ್ಯರ ಕೋಣೆಯ ಬಾಗಿಲು ಮುಚ್ಚಿತು. ಒಳಗೆ ಪರೀಕ್ಷಕರು, ಪ್ರಾಚಾರ್ಯರು, ಬಾಯಾರು. ಹೊರಗೆ ಬೇವಿನ ಗಿಡದ ಕೆಳಗೆ ನಾವು ಮತ್ತು ಶಂಕರೆಪ್ಪ ಕಾಕಾ. ಆಗ ಯಾರಾದರೂ ನಮಗೆಲ್ಲ ಪಟ್ಟಿ ಕಟ್ಟಿ ಇಸಿಜಿ ತೆಗೆದಿದ್ದರೆ ಇಪ್ಪತ್ತಮೂರು ಮುಳ್ಳಿನ ಪೊದೆಗಳು ಬರುತ್ತಿದ್ದವು.

ಅರ್ಧ ತಾಸಿಗೆ ಬಾಯಾರು ಹೊರಗೆ ಬಂದರು. ಮೆಟ್ಟಿಲ ಮೇಲೆ ನಿಂತು ನಮ್ಮನ್ನೆಲ್ಲ ನೋಡಿದರು. ಕಣ್ಣೊರೆಸಿಕೊಂಡು ಬಾಯಿ ತೆರೆದರು.

"ಇರ್ತೀನಂತ," ಅಂದರು.

ನಾವು ಹೋ ಎಂದು ಕೂಗಿದ ಗದ್ದಲಕ್ಕೆ ಮೇಲಿನ ಕಿಟಕಿ ತೆರೆಯಿತು. ಪ್ರಾಚಾರ್ಯರು ತಲೆ ಹೊರಗೆ ಹಾಕಿದರು. ಕೆಳಗೆ ಅಳುತ್ತ ನಗುತ್ತ ನಿಂತ ಹೆಂಗಸನ್ನು ಒಮ್ಮೆ ನೋಡಿ, ಕಿಟಕಿ ಮುಚ್ಚಿಕೊಂಡರು.